ಗೂಡಿಗೊಂದು ಬೇರೆ ಚಪ್ಪಲಿ: ಹಿತ್ತಲ ಕೋಳಿಗೆ ಹಕ್ಕಿಜ್ವರ ತಾಗದಂತೆ

2025ರ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂತಲ್ಲ, ಆಗ ನಮ್ಮ ಸಿಂಧನೂರು ಕಡೆಯ ಹಿತ್ತಲುಗಳಲ್ಲೂ ಫಿನಾಯಿಲ್ ವಾಸನೆ ಎದ್ದಿತ್ತು. ಗೂಡಿನ ಬಾಗಿಲಿಗೆ ಒಂದು ತೊಯ್ದ ಗೋಣಿಚೀಲ, ಸುತ್ತ ಸುಣ್ಣದ ಗೆರೆ, ಅಷ್ಟೇ. ಹತ್ತು ಗಂಟೆಯ ಬಿಸಿಲಿಗೆ ಆ ಚೀಲ ಹಪ್ಪಳ.

ಮೊದಲು ಕಾಳು, ನೀರನ್ನು ಗೂಡಿನ ಒಳಗೇ ಇಡಿ. ಮೇಲೆ ಬಲೆ ಕಟ್ಟಿ. ಚಳಿಗಾಲದಲ್ಲಿ ತುಂಗಭದ್ರೆಯ ಹಿನ್ನೀರಿಗೆ, ಭತ್ತದ ಗದ್ದೆಗೆ ಕಾಡುಬಾತು ಇಳಿಯುತ್ತವೆ. ರೋಗ ಹೊತ್ತರೂ ಎಷ್ಟೋ ಬಾತು ಗಟ್ಟಿಯಾಗೇ ಓಡಾಡುತ್ತವೆ. ಅವುಗಳ ಹಿಕ್ಕೆಯಲ್ಲಿ ವೈರಸ್ ಇರುತ್ತದೆ, ತಣ್ಣನೆಯ ನೀರಿನಲ್ಲಿ ದಿನಗಟ್ಟಲೆ ಬದುಕುತ್ತದೆ. ಹಾಗಾಗಿ ಕಾಲುವೆ ನೀರು ಬೇಡ, ಬೋರಿನದು ಕುಡಿಸಿ. ಸಾಕುಬಾತು ಇದ್ದರೆ ಕೋಳಿಯಿಂದ ದೂರ ಕಟ್ಟಿ.

ಇನ್ನು ಎಲ್ಲರೂ ಎಡವುವ ಜಾಗ: ಕಾಲು. ಗದ್ದೆಯಿಂದ ಬಂದವರು ಅದೇ ಚಪ್ಪಲಿಯಲ್ಲಿ ಗೂಡಿಗೆ ಹೋಗ್ತಾರೆ. ಬಾಗಿಲಲ್ಲಿ ಬ್ಲೀಚಿಂಗ್ ನೀರು ಇಟ್ಟಿದ್ದರೂ ಒಮ್ಮೆ ಅದ್ದಿ ದಾಟಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ದಿನ ಚಪ್ಪಲಿ ತಿರುವಿ ನೋಡಿದರೆ, ಅಟ್ಟೆಯ ಗೆರೆಗಳಲ್ಲಿ ಕೆಸರು, ಹೊಟ್ಟು, ಹಿಕ್ಕೆ ಸೇರಿ ಸಿಮೆಂಟಿನಂತೆ ಕೂತಿತ್ತು. ಕಡ್ಡಿಯಲ್ಲಿ ಕೆದರಿದೆ. ಒಳಗೆ ಇನ್ನೂ ಒಣಕಲು. ಔಷಧಿ ಮುಟ್ಟೇ ಇರಲಿಲ್ಲ. ಕ್ಲೋರಿನ್ನಿನ ಶಕ್ತಿಯನ್ನು ಕೊಳೆಯೇ ತಿಂದುಹಾಕುತ್ತದೆ. ಅದಕ್ಕೆ ಮೊದಲು ಬ್ರಷ್, ಸೋಪು ನೀರು. ಸೋಪಿಗೇ ಈ ವೈರಸ್ಸಿನ ಕೊಬ್ಬಿನ ಹೊದಿಕೆ ಒಡೆಯುವ ತಾಕತ್ತಿದೆ. ಆಮೇಲೆ ಬ್ಲೀಚಿಂಗ್ ನೀರು: ಲೀಟರಿಗೆ 30 ಗ್ರಾಂ ಪುಡಿ, ಹತ್ತು ನಿಮಿಷ ನೆನೆಯಲಿ. ನೀರನ್ನು ನೆರಳಲ್ಲಿಡಿ, ದಿನಾ ಹೊಸದು ಮಾಡಿ. ಬಾಯಿ ತೆರೆದು ತಿಂಗಳಾದ, ವಾಸನೆ ಹೋದ ಪೊಟ್ಟಣ ಬರೀ ಸುಣ್ಣ. ಸಂತೆಯಲ್ಲಿ ಬಾಟಲಿಗೆ ತುಂಬಿ ಮಾರುವ ಬಿಳಿ ಫಿನಾಯಿಲ್ ಅಂತೂ ಕೊಳ್ಳಲೇಬೇಡಿ. ಬ್ಲೀಚಿಂಗ್ ನೀರಿಗೆ ಟಾಯ್ಲೆಟ್ ಆ್ಯಸಿಡ್ ಬೆರೆಸಿ 'ಸ್ಟ್ರಾಂಗ್' ಮಾಡೋರೂ ಇದ್ದಾರೆ. ವಿಷಗಾಳಿ ಏಳುತ್ತದೆ.

ದಿನಾ ಹತ್ತು ನಿಮಿಷ ಯಾರು ನೆನೆಸ್ತಾರೆ, ಅಲ್ವಾ? ಅದಕ್ಕೆ ನನ್ನ ಮಾತು ಕೇಳಿ: ಅಟ್ಟೆ ನುಣುಪಾಗಿರುವ ಒಂದು ಜೊತೆ ರಬ್ಬರ್ ಚಪ್ಪಲಿ ಗೂಡಿಗೆಂದೇ ಇಡಿ, ಬಾಗಿಲಾಚೆ ತರಬೇಡಿ. ನೋಡಲು ಬಂದ ಬೀಗರು ಹೊರಗೇ ನಿಲ್ಲಲಿ. ಬೇಜಾರಾದರೆ ಚಹಾ ಕೊಡಿ.

ಸಂತೆಯಿಂದ ತಂದ ಜವಾರಿ ಕೋಳಿಯನ್ನು 21 ದಿನ ಬೇರೆ ಕಡೆ ಸಾಕಿ. ಪಂದ್ಯದಿಂದ ಬಂದ ಹುಂಜವನ್ನು ನಾನಾದರೆ ಸೇರಿಸಿಕೊಳ್ಳುವುದೇ ಇಲ್ಲ. ರಾಣಿಖೇತ್ ಲಸಿಕೆ ಹಾಕಿಸಿದ್ದೇನೆ ಎಂದು ಸುಮ್ನಿರಬೇಡಿ, ಅದು ಬೇರೆ ರೋಗ. ಅದನ್ನೂ ಹಾಕಿಸಿ, ಇದನ್ನೂ ಮಾಡಿ.

ಜುಟ್ಟು ನೀಲಿಗಟ್ಟಿದರೆ, ತಲೆ ಊದಿದರೆ, ಒಂದೇ ಬಾರಿ ನಾಲ್ಕಾರು ಕೋಳಿ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಬಹುದು. ಉಳಿದವನ್ನು ಅವಸರವಾಗಿ ಮಾರಬೇಡಿ, ಕೊಯ್ದು ಸಾರು ಮಾಡಬೇಡಿ, ಕಾಲುವೆಗೂ ಎಸೆಯಬೇಡಿ. ಸತ್ತದ್ದನ್ನು ಬರಿಗೈಲಿ ಮುಟ್ಟದೆ ಬುಟ್ಟಿ ಮುಚ್ಚಿ, ಮೇಲೊಂದು ಕಲ್ಲು ಹೇರಿ. ಡಾಕ್ಟರು ಬರುವುದರೊಳಗೆ ನಾಯಿ ಅದನ್ನು ಪಕ್ಕದ ಹಿತ್ತಲಿಗೆ ಎಳೆದೊಯ್ದಿರುತ್ತದೆ, ಇಲ್ಲದಿದ್ದರೆ.