ಪವರ್‌ಸ್ಲೇವ್ ಪುಟ ಬರೆದ ಆಟಿ ತಿಂಗಳು

ನಾನು ಉಡುಪಿಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ನೇಮದ (ಭೂತಕೋಲದ) ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ಬೆಳಗ್ಗಿನಿಂದ ಸಂಜೆವರೆಗೆ ಕನ್ನಡ ಅಕ್ಷರದ ಜೊತೆಗೇ ಒಡನಾಟ. ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಬಂತೆಂದರೆ ಮದುವೆ ಇಲ್ಲ, ನೇಮ ಇಲ್ಲ, ಯಕ್ಷಗಾನ ಮೇಳಗಳೂ ಮೇ ಕೊನೆಗೆ ಬರುವ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತವೆ. ಹಾಗೆ ಕೈ ಖಾಲಿ ಇದ್ದ ಒಂದು ಆಟಿಯಲ್ಲಿ ಕನ್ನಡ ವಿಕಿಪೀಡಿಯಕ್ಕಾಗಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತದ) ಬ್ಯಾಂಡಿನ ಪವರ್‌ಸ್ಲೇವ್ ಆಲ್ಬಂ ಬಗ್ಗೆ ಬರೆಯಲು ಕೂತೆ.

ಈ ಆಲ್ಬಂ ನನಗೆ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಮಾವ ರಜೆಗೆ ಊರಿಗೆ ಬರುವಾಗ ತಂದುಕೊಟ್ಟಿದ್ದರು. ಆಗ ನಾನು ಪಿಯುಸಿ. ಕವರಿನ ಮೇಲೆ ಪಿರಮಿಡ್, ಅದರ ಮುಂದೆ ಫೇರೋ ವೇಷದ ಎಡ್ಡಿ, ಬ್ಯಾಂಡಿನ ಗುರುತಾದ ಪಾತ್ರ. ಡೆರೆಕ್ ರಿಗ್ಸ್ ಬಿಡಿಸಿದ ಆ ಚಿತ್ರವನ್ನು ಹಾಡಿಗಿಂತ ಮೊದಲೇ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ಇಷ್ಟು ಹತ್ತಿರದ ಆಲ್ಬಂ ಬಗ್ಗೆ ಬರೆಯಲು ಒಂದು ಸಂಜೆ ಸಾಕು ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲು ಇಂಗ್ಲಿಷ್ ಪುಟವನ್ನು ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ. ಹೆವಿ ಮೆಟಲ್ ಹೋಗಿ 'ಭಾರಲೋಹ' ಆಯಿತು. ಲೀಡ್ ಗಿಟಾರ್ ಹೋಗಿ 'ಸೀಸದ ಗಿಟಾರ್' ಆಯಿತು. ಭಾರಲೋಹ ಅಂದರೆ ನಮ್ಮವರಿಗೆ ನೆನಪಾಗುವುದು ನೀರಿಗೆ ಸೇರುವ ಸೀಸ, ಪಾದರಸ. ಸಂಗೀತ ಅಲ್ಲವೇ ಅಲ್ಲ. ಒಂದು ಸಾಲೂ ಇಟ್ಟುಕೊಳ್ಳದೆ ಎಲ್ಲ ಅಳಿಸಿದೆ. ಕೆಟ್ಟ ಪ್ರತಿಯನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ, ಪ್ರೂಫ್ ನೋಡಿ ಗೊತ್ತಿರುವವರಿಗೆ ಇದು ಗೊತ್ತು. ಹೆವಿ ಮೆಟಲ್, ಆಲ್ಬಂ, ಲೀಡ್ ಗಿಟಾರ್, ಬೇಸ್ ಗಿಟಾರ್ ಎಲ್ಲ ಹಾಗೇ ಕನ್ನಡ ಅಕ್ಷರದಲ್ಲಿ ಇರಲಿ ಅಂತ ತೀರ್ಮಾನ ಮಾಡಿದೆ. ಕೇಳುವವರು ಹಾಗೇ ಹೇಳುತ್ತಾರೆ ಅಲ್ವಾ?

ನನ್ನ ಪ್ರಯೋಗಪುಟ ತೆರೆದು ಬರೆಯತೊಡಗಿದೆ. ಅಲ್ಲಿ ಎಷ್ಟು ತಪ್ಪಿದರೂ ಮುಖ್ಯ ಪುಟಕ್ಕೆ ತೊಂದರೆ ಇಲ್ಲ. ಕಂಟ್ರೋಲ್ ಜೊತೆ ಎಂ ಒತ್ತಿದರೆ ಅಲ್ಲೇ ಕನ್ನಡ ಟೈಪಿಂಗ್ ಬರುತ್ತದೆ. ನನ್ನ ಹಾಗೆ ಡಿಟಿಪಿಯವರು ಒಂದು ನೆನಪಿಡಬೇಕು: ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅಕ್ಷರ ಎಲ್ಲ ಕಲಸುಮೇಲೋಗರ. ಯೂನಿಕೋಡೇ ಬೇಕು.

ಕ್ಯಾಸೆಟ್ಟಿನ ಒಳಗಿನ ಕಾಗದವನ್ನು ಹೊರಗೆ ತೆಗೆದೆ. ಮಳೆಗಾಲದ ಹಸಿಗೆ ಮಡಿಕೆಯಲ್ಲೆಲ್ಲ ಬೂಷ್ಟು. ಒಣ ಬಟ್ಟೆಯಲ್ಲಿ ಒರೆಸಿ, ಪ್ರೆಸ್ಸಿನಲ್ಲಿ ಪ್ರಿಂಟಿನ ಚುಕ್ಕೆ ನೋಡುವ ಲೆನ್ಸ್ ಇಟ್ಟು ಓದಿದೆ. ಹಾಡು ಬರೆದವರ ಹೆಸರು ಒಂದೊಂದಾಗಿ ಸಿಕ್ಕಿತು. ಒಟ್ಟು 8ರಲ್ಲಿ 4 ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಒಬ್ಬರದೇ, 2 ಹಾಡುಗಾರ ಬ್ರೂಸ್ ಡಿಕಿನ್ಸನ್ ಅವರದು, ಉಳಿದ 2 ಗಿಟಾರ್ ನುಡಿಸುವ ಏಡ್ರಿಯನ್ ಸ್ಮಿತ್ ಮತ್ತು ಡಿಕಿನ್ಸನ್ ಸೇರಿ ಬರೆದದ್ದು. ಯಾರು ಬರೆದರು, ಯಾರು ನುಡಿಸಿದರು ಎನ್ನುವುದಕ್ಕೆ ಆಲ್ಬಂ ಜೊತೆ ಬಂದ ಕಾಗದವನ್ನೇ ಆಧಾರವಾಗಿ ಕೊಡಬಹುದು. ಆಲ್ಬಂ ಹೇಗಿದೆ ಎನ್ನುವುದಕ್ಕೆ ಅದು ಸಾಲದು. ಬ್ಯಾಂಡಿಗೆ ಸಂಬಂಧ ಇಲ್ಲದವರು ಬರೆದ ವಿಮರ್ಶೆ ಬೇಕು.

'8 ಹಾಡುಗಳು' ಅಂತ ಬರೆದು ಅಲ್ಲೇ ಕೈ ನಿಂತಿತು. ಲಾಸ್ಫರ್ ವರ್ಡ್ಸ್ ಎನ್ನುವುದರಲ್ಲಿ ಹಾಡುವವರೇ ಇಲ್ಲ, ಬರೀ ವಾದ್ಯ. ಹಾಡದೆ ಇರುವುದನ್ನು ಹಾಡು ಅನ್ನುವುದು ಹೇಗೆ? ಇಂಗ್ಲಿಷಿನವರಿಗೆ ಈ ಕಷ್ಟ ಕಡಿಮೆ. ಕೊನೆಗೆ '8 ಟ್ರ್ಯಾಕ್‌ಗಳು, ಅದರಲ್ಲಿ 7 ಹಾಡು, ಒಂದು ವಾದ್ಯಸಂಗೀತ' ಅಂತ ಮಾಡಿದೆ. ಆ ಪುಟದಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಇದೇ.

ಇನ್ನೊಂದು ಕಡೆ ನನ್ನ ನೆನಪು ಕೈಕೊಟ್ಟಿತು. 'ಆಲ್ಬಂ ಬಿಡುಗಡೆ ಆದ ಮೇಲೆ ಬ್ಯಾಂಡ್ ಪ್ರವಾಸ ಹೊರಟಿತು' ಅಂತ ಸುಮ್ನೆ ಬರೆದುಬಿಟ್ಟಿದ್ದೆ. ಎಲ್ಲ ಬ್ಯಾಂಡೂ ಹಾಗೇ ಅಲ್ವಾ ಅಂತ. ಆಧಾರ ಹುಡುಕಿದಾಗ ತಾರೀಕು ಬೇರೆಯೇ ಹೇಳಿತು. ವರ್ಲ್ಡ್ ಸ್ಲೇವರಿ ಪ್ರವಾಸ ಪೋಲೆಂಡಿನ ವಾರ್ಸಾದಲ್ಲಿ 1984ರ ಆಗಸ್ಟ್ 9ಕ್ಕೆ ಶುರುವಾಗಿತ್ತು. ಆಲ್ಬಂ ಬಂದದ್ದು ಸೆಪ್ಟೆಂಬರ್ 3ಕ್ಕೆ. ಅವತ್ತಿನಿಂದ, ಗೊತ್ತಿದೆ ಅಂತ ಧೈರ್ಯವಾಗಿ ಬರೆದ ಸಾಲುಗಳನ್ನೇ ಮೊದಲು ಪರೀಕ್ಷಿಸುತ್ತೇನೆ. ಅನುಮಾನ ಇರುವ ಸಾಲನ್ನು ಹೇಗೂ ನೋಡಿಯೇ ನೋಡುತ್ತೇವೆ.

ಅತಿ ಕಷ್ಟವಾದದ್ದು ಕೊನೆಯ ಹಾಡಿನ ಭಾಗ, ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್. 'ಮೈ ನವಿರೇಳಿಸುವ ಅದ್ಭುತ ಹಾಡು' ಅಂತ ಬರೆದಿದ್ದೆ. ನನ್ನ ಮಟ್ಟಿಗೆ ಅದು ಸತ್ಯ. ಆದರೆ ವಿಶ್ವಕೋಶದಲ್ಲಿ ಅದು ಯಾರ ಮಾತು? ಅಳಿಸಿದೆ. ಅಳಿಸುವಾಗ ಹೊಟ್ಟೆಯೊಳಗೆ ಸಂಕಟವೇ ಆಯಿತು. ಅದರ ಜಾಗದಲ್ಲಿ ಇರುವುದನ್ನು ಇದ್ದ ಹಾಗೆ ಇಟ್ಟೆ. ಇದು ಕೋಲ್‌ರಿಜ್ ಕವಿಯ 1798ರಲ್ಲಿ ಪ್ರಕಟವಾದ ಪದ್ಯದ ಕತೆ. ಪದ್ಯದ ಕೆಲವು ಸಾಲು ಹಾಡಿನಲ್ಲಿ ಹಾಗೇ ಬರುತ್ತವೆ. ಉದ್ದ 13 ನಿಮಿಷಕ್ಕೂ ಜಾಸ್ತಿ. 2015ರಲ್ಲಿ ಎಂಪೈರ್ ಆಫ್ ದಿ ಕ್ಲೌಡ್ಸ್ ಬರುವವರೆಗೆ, ಅಂದರೆ 31 ವರ್ಷ, ಈ ಬ್ಯಾಂಡಿನ ಅತಿ ಉದ್ದದ ಹಾಡು ಇದೇ ಆಗಿತ್ತು. ಓದಿ ನೋಡಿದೆ. 'ಅದ್ಭುತ' ಅನ್ನುವುದಕ್ಕಿಂತ ಆ 31 ವರ್ಷವೇ ಹೆಚ್ಚು ಹೇಳುತ್ತಿತ್ತು.

ಪದ್ಯದ ಕತೆ ಹೇಳಲು ಒಂದು ಹಕ್ಕಿಯ ಹೆಸರು ಬೇಕಿತ್ತು. ನಾವಿಕ ಕೊಲ್ಲುವ ಆಲ್ಬಟ್ರಾಸ್. ನಿಘಂಟಿನಲ್ಲಿ ಸಿಕ್ಕ ಪದ ಬಾಯಿಗೆ ಹತ್ತಲಿಲ್ಲ. ಮಲ್ಪೆಯಲ್ಲಿ ಬೋಟ್ ಇರುವ ಗೆಳೆಯನನ್ನು ಕೇಳೋಣ ಅಂತ ಬಂದರಿಗೆ ಹೋದೆ. ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಒತ್ತೊತ್ತಾಗಿ ಕಟ್ಟಿದ್ದವು. ಫೋನಿನಲ್ಲಿ ಹಕ್ಕಿಯ ಚಿತ್ರ ತೋರಿಸಿದೆ. 'ಇದು ನಮ್ಮ ಕಡಲಲ್ಲಿ ಇಲ್ಲ ಮಾರಾಯ. ಇಲ್ಲದ ಹಕ್ಕಿಗೆ ನಾವು ಯಾಕೆ ಹೆಸರಿಡುವುದು?' ಅಂದ. ಸರಿಯಾದ ಮಾತು. 'ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ' ಅಂತ ಬರೆದೆ.

ಕವರ್ ಚಿತ್ರ ಹಾಕಲು ಆಗಲಿಲ್ಲ. ಅದಕ್ಕೆ ಹಕ್ಕುಸ್ವಾಮ್ಯ ಇದೆ, ವಿಕಿಪೀಡಿಯದ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಏರಿಸುವಂತಿಲ್ಲ. ಹಾಡಿನ ಸಾಹಿತ್ಯವನ್ನು ಪೂರ್ತಿ ಕೊಡುವುದಕ್ಕೂ ಅದೇ ಅಡ್ಡಿ. ಟ್ರ್ಯಾಕ್‌ಗಳ ಅವಧಿಯಂತೂ ಆವೃತ್ತಿಯಿಂದ ಆವೃತ್ತಿಗೆ ಕೆಲವು ಸೆಕೆಂಡು ಹೆಚ್ಚುಕಡಿಮೆ. ಒಂದೇ ಆವೃತ್ತಿಯನ್ನು ಹಿಡಿದು, ಯಾವುದು ಅಂತ ಅಲ್ಲೇ ಹೇಳಿಬಿಡಬೇಕು. ಬೇರೆ ಬೇರೆ ಕಡೆಯದನ್ನು ಬೆರೆಸಬಾರದು.

ಆ ದಿನ ಮಲ್ಪೆಯಲ್ಲಿ ಗೆಳೆಯನಿಗೆ ಹಾಡಿನ ನಡುಭಾಗ ಕೇಳಿಸಿದ್ದೆ. ಗಿಟಾರು, ಡ್ರಮ್ಮಿನ ಆರ್ಭಟ ಇಳಿದು ಬೇಸ್ ಮಾತ್ರ ಮೆಲ್ಲಗೆ ನಡೆಯುತ್ತದೆ. ಹಿಂದೆ ಹಡಗಿನ ಮರ ಕಿರುಗುಟ್ಟುವ ಸದ್ದು. ಅವನು ಮೆಟಲ್ ಕೇಳಿದವನೇ ಅಲ್ಲ. ಕಣ್ಣು ಮುಚ್ಚಿ ಕೇಳಿದ. 'ಗಾಳಿ ಇಲ್ಲ, ಬೋಟು ನಿಂತಿದೆ' ಅಂದ. ಪದ್ಯದಲ್ಲೂ ಹಡಗು ಗಾಳಿ ಇಲ್ಲದೆ ನಡುಗಡಲಲ್ಲಿ ನಿಂತುಬಿಡುತ್ತದೆ, ಅದು ಅವನಿಗೆ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪನ ಮರದ ಬೋಟಿನಲ್ಲಿ ರಾತ್ರಿ ಮಲಗಿದಾಗ ಇದೇ ಸದ್ದು ಕೇಳುತ್ತಿದ್ದನಂತೆ. ಅವನ ಈ ಮಾತಿಗೆ ಎಲ್ಲೂ ಅಚ್ಚಾದ ಆಧಾರ ಇಲ್ಲ, ಹಾಗಾಗಿ ವಿಕಿಪೀಡಿಯದ ಪುಟಕ್ಕೆ ಅದು ಸಲ್ಲುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.