ಪಿಕಪ್‌ಗೆ ಹೊಸ ರಿವರ್ಸ್ ಲೈಟ್: ನಾನೇ ಮಾಡಿದ ವೈರಿಂಗ್

ಗಾಡಿಯ ಜೊತೆ ಬರುವ ರಿವರ್ಸ್ ಲೈಟಿನ ಒಂದು ಕೆಲಸ, ಗಾಡಿ ಹಿಂದೆ ಬರುತ್ತಿದೆ ಎಂದು ಬೇರೆಯವರಿಗೆ ತಿಳಿಸುವುದು. ನಮಗೆ ದಾರಿ ತೋರಿಸುವುದು ಇನ್ನೊಂದು. ಒಳಗಿರುವುದು ಸಾಮಾನ್ಯವಾಗಿ 16 ಅಥವಾ 21 ವ್ಯಾಟ್‌ನ ಫಿಲಮೆಂಟ್ ಬಲ್ಬ್. 21 ವ್ಯಾಟ್‌ನದು ಕೊಡುವುದು ಸುಮಾರು 460 ಲ್ಯೂಮೆನ್ (ಬೆಳಕಿನ ಅಳತೆ). ಕಾರಿಗೆ ಇದು ಹೇಗೋ ನಡೆಯುತ್ತದೆ. ಪಿಕಪ್‌ನಲ್ಲಿ ಹಾಗಲ್ಲ. ಉದ್ದನೆಯ ಬಾಡಿ, ಎತ್ತರದ ಹಿಂಬಾಗಿಲು, ಅದರ ಮೇಲೆ ಲೋಡ್. ಹಿಂದಿನ ಗಾಜಿನಲ್ಲಿ ಏನೂ ಕಾಣುವುದಿಲ್ಲ, ಉಳಿಯುವುದು ಎರಡು ಕನ್ನಡಿ ಮಾತ್ರ. ರಾತ್ರಿ ಹಿಂದೆ ಗುಂಡಿ ಇದೆಯೋ, ಮಗು ನಿಂತಿದೆಯೋ ಗೊತ್ತಾಗಬೇಕಾದರೆ ಬೆಳಕು ಬೇಕೇ ಬೇಕು.

ನಾನು ಮೊದಲು ಬಲ್ಬ್ ಮಾತ್ರ ಬದಲಿಸಿ ನೋಡಿದೆ. ಅದೇ ಹೋಲ್ಡರಿಗೆ ಕೂರುವ ಎಲ್‌ಇಡಿ ಬಲ್ಬ್ ಸಿಗುತ್ತದೆ. ಹಾಕಿದ ಮೇಲೆ ಉರಿಯದಿದ್ದರೆ ಬಲ್ಬ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎಲ್‌ಇಡಿಗೆ ಪ್ಲಸ್, ಮೈನಸ್ ಸರಿಯಾಗಿರಬೇಕು, ಚಪ್ಪಟೆ ಬುಡದ ಬಲ್ಬನ್ನು ತಿರುಗಿಸಿ ಹಾಕಿದರೆ ಸಾಕು. ಬಲ್ಬ್ ಹೋಗಿದೆಯೇ ಎಂದು ತಾನೇ ನೋಡಿಕೊಳ್ಳುವ ಹೊಸ ಗಾಡಿಗಳಲ್ಲಿ ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರಬಹುದು. ಬಣ್ಣ ಬಿಳಿಯಾಯಿತು, ಬೆಳಕು ಸ್ವಲ್ಪ ಜಾಸ್ತಿಯಾಯಿತು, ಅಷ್ಟೇ. ಆ ರಿಫ್ಲೆಕ್ಟರ್ ಮಾಡಿರುವುದು ಫಿಲಮೆಂಟ್ ಇರುವ ಜಾಗಕ್ಕೆ ಹೊಂದುವಂತೆ. ಎಲ್‌ಇಡಿ ಚಿಪ್ ಬೇರೆ ಜಾಗದಲ್ಲಿ ಕೂತರೆ ಬೆಳಕು ಬೇಕಾದ ಕಡೆ ಹೋಗುವುದಿಲ್ಲ. ಹಾಗಾಗಿ ಬಂಪರಿನ ಎರಡು ತುದಿಗೆ 20 ವ್ಯಾಟ್‌ನ ಎರಡು ಪ್ರತ್ಯೇಕ ಎಲ್‌ಇಡಿ ದೀಪ ಹಾಕಲು ತೀರ್ಮಾನಿಸಿದೆ.

ಕೊಳ್ಳುವಾಗ ಲ್ಯೂಮೆನ್ ಸಂಖ್ಯೆಗೆ ಮರುಳಾಗಬೇಡಿ. ದೂರಕ್ಕೆ ಚುಚ್ಚುವ ಬೆಳಕಿನ ದೀಪ ರಿವರ್ಸಿಗೆ ಪ್ರಯೋಜನವಿಲ್ಲ. ಅಗಲವಾಗಿ ಹರಡುವ ಫ್ಲಡ್ ದೀಪವೇ ಬೇಕು. ನೀರಿಗೆ ಐಪಿ67 ಅಥವಾ ಅದಕ್ಕಿಂತ ಮೇಲಿನ ಗುರುತು ನೋಡಿ. ಡಬ್ಬಿಯ ಮೇಲಿನ ವ್ಯಾಟ್ ನಿಜವೇ ಎಂದು ತಿಳಿಯಬೇಕಾದರೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು, ಬ್ಯಾಟರಿಗೂ ದೀಪಕ್ಕೂ ನಡುವೆ ಸಾಲಿನಲ್ಲಿ (ಸೀರೀಸ್) ಜೋಡಿಸಿ ಅಳೆಯಿರಿ. 12 ವೋಲ್ಟಿನಲ್ಲಿ 20 ವ್ಯಾಟ್ ಎಂದರೆ ಸುಮಾರು 1.7 ಆಂಪಿಯರ್ ಬರಬೇಕು.

ಈಗ ಮುಖ್ಯ ವಿಷಯ. ಹಳೆಯ ರಿವರ್ಸ್ ವೈರಿಗೇ ಹೊಸ ದೀಪಗಳನ್ನು ಸುತ್ತಿ ಟೇಪ್ ಹಾಕುವುದನ್ನು ತುಂಬ ಕಡೆ ನೋಡಿದ್ದೇನೆ. ಉರಿಯುತ್ತದೆ, ಸುಳ್ಳಲ್ಲ. ಆದರೆ ಆ ವೈರ್, ಆ ಫ್ಯೂಸ್, ಗೇರ್‌ಬಾಕ್ಸಿನ ಆ ಪುಟ್ಟ ಸ್ವಿಚ್ ಎಲ್ಲವನ್ನೂ ಲೆಕ್ಕ ಹಾಕಿರುವುದು ಒಂದೆರಡು ಬಲ್ಬಿಗೆ. ಅದರ ಮೇಲೆ ಇನ್ನೂ 40 ವ್ಯಾಟ್ ಹೊರೆ ಹಾಕುವುದು ಸರಿಯಲ್ಲ, ಅಲ್ವಾ? ಕಂಪ್ಯೂಟರ್ ಮೂಲಕ ದೀಪ ಉರಿಸುವ ಗಾಡಿಯಲ್ಲಂತೂ ಆ ಕಂಟ್ರೋಲ್ ಯೂನಿಟ್ಟೇ ಹೋಗಬಹುದು. ಹಳೆಯ ವೈರಿನಿಂದ ಸಿಗ್ನಲ್ ಮಾತ್ರ ತೆಗೆದುಕೊಳ್ಳಿ, ಕರೆಂಟನ್ನು ಬ್ಯಾಟರಿಯಿಂದ ನೇರ ತನ್ನಿ. ಆ ಕೆಲಸಕ್ಕೇ ರಿಲೇ ಇರುವುದು, ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಅದರ ಕಾಯಿಲ್ ಎಳೆಯುವುದು 0.2 ಆಂಪಿಯರ್ ಆಸುಪಾಸು. ಇಷ್ಟನ್ನು ಹಳೆಯ ಸ್ವಿಚ್ ಆರಾಮಾಗಿ ತಾಳುತ್ತದೆ.

ನನ್ನದು ಮ್ಯಾನುಯಲ್ ಗೇರ್. ರಿವರ್ಸ್ ಸ್ವಿಚ್ ಗೇರ್‌ಬಾಕ್ಸಿನ ಮೇಲೆಯೇ ಇದೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿದೆ. ಸ್ವಿಚ್ಚಿನ ಒಂದು ವೈರಿನಲ್ಲಿ ಟೆಸ್ಟ್ ಲ್ಯಾಂಪ್ ಯಾವಾಗಲೂ ಉರಿಯಿತು. ಇನ್ನೊಂದರಲ್ಲಿ ರಿವರ್ಸ್ ಗೇರ್ ಹಾಕಿದಾಗ ಮಾತ್ರ. ಬೇಕಾಗಿದ್ದು ಈ ಎರಡನೆಯದು. ಗುರುತು ಮಾಡಿಕೊಂಡು, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ ಕೆಲಸ ಶುರು ಮಾಡಿದೆ.

ರಿಲೇಯನ್ನು ಬ್ಯಾಟರಿ ಹತ್ತಿರ, ಕಾಲುಗಳು ಕೆಳಮುಖವಾಗಿ ಇರುವಂತೆ ಕೂರಿಸಿದೆ, ನೀರು ನಿಲ್ಲಬಾರದಲ್ಲ. ರಿಲೇಯ ಮೇಲೆ 30 ಎಂದು ಗುರುತಿರುವ ಕಾಲಿಗೆ ಬ್ಯಾಟರಿ ಪ್ಲಸ್, 87ಕ್ಕೆ ದೀಪಗಳ ವೈರ್, 85ಕ್ಕೆ ಅರ್ತ್ (ಮೈನಸ್), 86ಕ್ಕೆ ಸಿಗ್ನಲ್. ದೀಪಗಳೆರಡೂ ಸೇರಿ ಸುಮಾರು 3.3 ಆಂಪಿಯರ್, ಅದಕ್ಕೆ 7.5 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೇ ಇರಲಿ. ಫ್ಯೂಸ್ ಕಾಯುವುದು ಅದರ ಆಚೆಗಿನ ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತುಂಡು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ. ಒಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಆದರೆ 85, 86 ಅದಲು ಬದಲು ಮಾಡಬೇಡಿ.

ಸಿಗ್ನಲ್ ವೈರನ್ನು ನೇರವಾಗಿ 86ಕ್ಕೆ ಕೊಡಲಿಲ್ಲ. ನಡುವೆ ಕ್ಯಾಬಿನ್ನಿನಲ್ಲಿ ಮೂರು ಸ್ಥಾನದ ಸ್ವಿಚ್ ಇಟ್ಟೆ. ಸ್ವಿಚ್ಚಿನ ನಡುವಿನ ಕಾಲಿನಿಂದ ರಿಲೇಯ 86ಕ್ಕೆ ವೈರ್. ಒಂದು ಪಕ್ಕಕ್ಕೆ ರಿವರ್ಸ್ ಸಿಗ್ನಲ್. ಇನ್ನೊಂದು ಪಕ್ಕಕ್ಕೆ ಇಗ್ನಿಷನ್ ಆನ್ ಇದ್ದಾಗ ಬರುವ, ಚಿಕ್ಕ ಫ್ಯೂಸ್ ಇರುವ ಪ್ಲಸ್. ಒಂದು ಕಡೆ ಒತ್ತಿದರೆ ಗೇರ್ ಜೊತೆ ದೀಪ ತಾನೇ ಉರಿಯುತ್ತದೆ. ಇನ್ನೊಂದು ಕಡೆ ಒತ್ತಿದರೆ ಗಾಡಿ ನಿಂತಿದ್ದಾಗಲೂ ಉರಿಯುತ್ತದೆ, ಲೋಡ್ ಇಳಿಸುವಾಗ ತುಂಬ ಅನುಕೂಲ. ನಡುವೆ ಆಫ್. ಇದರ ಬದಲು ಎರಡೂ ವೈರನ್ನು 86ಕ್ಕೇ ಒಟ್ಟಿಗೆ ಸೇರಿಸಿದರೆ, ಕೈಯಿಂದ ಆನ್ ಮಾಡಿದಾಗ ಕರೆಂಟ್ ಹಳೆಯ ರಿವರ್ಸ್ ವೈರಿಗೆ ಹಿಮ್ಮುಖವಾಗಿ ನುಗ್ಗುತ್ತದೆ. ಹಳೆಯ ಬಲ್ಬೂ ಉರಿಯುತ್ತದೆ, ಹಿಂದಿನ ಕ್ಯಾಮೆರಾವೂ ಆನ್ ಆಗಬಹುದು. ಮೂರು ಸ್ಥಾನದ ಸ್ವಿಚ್ಚಿನಲ್ಲಿ ಎರಡು ಸರ್ಕ್ಯೂಟ್ ಒಂದಕ್ಕೊಂದು ಸೇರುವುದೇ ಇಲ್ಲ. ಸ್ವಿಚ್ಚಿಗೆ ಒಂದು ಸೂಚಕ ದೀಪ ಇರಲೇಬೇಕು. ಹಿಂದೆ ಬಿಳಿ ದೀಪ ಉರಿಸಿಕೊಂಡು ಮುಂದಕ್ಕೆ ಓಡಿಸುವುದು ಬಹಳ ಕಡೆ ಕಾನೂನಿಗೆ ವಿರುದ್ಧ. ಹಿಂದೆ ಬರುವವನ ಕಣ್ಣು ಕುಕ್ಕಿಸುವುದು ಅದಕ್ಕಿಂತ ಕೆಟ್ಟದ್ದು. ಹೆಚ್ಚುವರಿ ದೀಪ ಹಾಕಬಹುದೇ, ಎಷ್ಟು ಹಾಕಬಹುದು ಎಂಬ ನಿಯಮವನ್ನೂ ಮೊದಲೇ ನೋಡಿಕೊಳ್ಳಿ.

ಹಿಂದಕ್ಕೆ ಎಳೆದದ್ದು 2.5 ಚದರ ಮಿಲಿಮೀಟರ್ ತಾಮ್ರದ ವೈರ್. ಲೆಕ್ಕಕ್ಕೆ 1.5 ಸಾಕಾಗಿತ್ತು. ಆರು ಮೀಟರ್ ಉದ್ದಕ್ಕೆ 0.2 ವೋಲ್ಟ್ ಮಾತ್ರ ಇಳಿಯುತ್ತದೆ. ಗಾಡಿಯ ಅಡಿಯಲ್ಲಿ ಅದು ಅನುಭವಿಸುವ ಅಲುಗಾಟ ನೆನೆದು ದಪ್ಪದ್ದನ್ನೇ ಆರಿಸಿದೆ. ಸುಕ್ಕುಪೈಪಿನೊಳಗೆ ಹಾಕಿ, ಚಾಸಿಯ ಒಳಬದಿಯಲ್ಲಿ ಕೇಬಲ್ ಟೈ ಬಿಗಿಯುತ್ತಾ ಹೋದೆ. ಸೈಲೆನ್ಸರ್, ಲೀಫ್ ಸ್ಪ್ರಿಂಗ್, ಪ್ರೊಪೆಲ್ಲರ್ ಶಾಫ್ಟ್, ಸ್ಟೆಪ್ನಿ ಇಳಿಸುವ ಜಾಗ ಇವುಗಳಿಂದ ದೂರ. ಲೋಹದ ತೂತಿನಲ್ಲಿ ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್. ಜೋಡಣೆಗಳಿಗೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದೆ. ವೈರನ್ನು ಕಚ್ಚಿ ಹಿಡಿಯುವ ಸುಲಭದ ಕ್ಲಿಪ್ಪುಗಳನ್ನು ಗಾಡಿಯ ಅಡಿಯಲ್ಲಿ ಬಳಸಲೇಬೇಡಿ. ಸೀಳಿದ ಜಾಗದಲ್ಲಿ ನೀರು ಸೇರಿ ತಾಮ್ರ ಕೊಳೆಯುತ್ತದೆ.

ಅರ್ತ್‌ನ್ನು ಪಿಕಪ್‌ನ ಬಾಡಿಗೆ ಕೊಡದೆ ಚಾಸಿಗೆ ಕೊಡಿ. ಬಾಡಿ ಚಾಸಿಯ ಮೇಲೆ ಬೋಲ್ಟಿನಲ್ಲಿ ನಿಂತ ಬೇರೆ ತುಂಡು. ನಡುವೆ ಪೇಂಟ್, ತುಕ್ಕು, ಕೆಲವು ಗಾಡಿಗಳಲ್ಲಿ ರಬ್ಬರ್. ಪೇಂಟ್ ಕೆರೆದು ಹೊಳೆಯುವ ಲೋಹ ಕಂಡ ಮೇಲೆ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಮೇಲೆ ಗ್ರೀಸ್ ಬಳಿದೆ.

ದೀಪದ ಕೋನ ಹೊಂದಿಸುವಾಗ ಲೋಡನ್ನು ನೆನಪಿಡಿ. ಲೋಡ್ ಬಿದ್ದರೆ ಗಾಡಿಯ ಹಿಂಭಾಗ ತಗ್ಗುತ್ತದೆ, ಮೂತಿ ಏಳುತ್ತದೆ. ಹೆಡ್‌ಲೈಟ್ ಆಕಾಶ ನೋಡಿದರೆ ರಿವರ್ಸ್ ಲೈಟ್ ನೆಲ ನೋಡುತ್ತದೆ. ಅಂದರೆ ಬೆಳಕು ಅತಿ ಮೇಲೆ ಹೋಗುವುದು ಗಾಡಿ ಖಾಲಿ ಇದ್ದಾಗ. ಹಾಗಾಗಿ ಖಾಲಿ ಗಾಡಿಯಲ್ಲೇ ಕೋನ ಹೊಂದಿಸಿದೆ, ಗಾಢ ಬೆಳಕು ನಾಲ್ಕೈದು ಮೀಟರ್ ಹಿಂದೆ ನೆಲಕ್ಕೆ ಬೀಳುವಂತೆ. ಸ್ವಲ್ಪ ಹೊರಮುಖವಾಗಿಯೂ ತಿರುಗಿಸಿದೆ, ಆಗ ಕನ್ನಡಿಯಲ್ಲಿ ಬದಿಯ ಚರಂಡಿ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಮೆರಾ ಇದ್ದರೆ ಅದನ್ನೂ ನೋಡುತ್ತಾ ಹೊಂದಿಸಿ. ದೀಪ ತೀರಾ ಪಕ್ಕದಲ್ಲಿದ್ದರೆ ಪರದೆ ಬರೀ ಬೆಳ್ಳಗಾಗುತ್ತದೆ.

ಕೊನೆಗೆ ಇಂಜಿನ್ ಚಾಲೂ ಇಟ್ಟು, ದೀಪ ಉರಿಸಿ, ಬ್ಯಾಟರಿಯ ಬಳಿ ಮತ್ತು ದೀಪದ ಬಳಿ ವೋಲ್ಟೇಜ್ ಅಳೆಯಿರಿ. ಗೇರ್ ಹಾಕದೆ, ಸ್ವಿಚ್ಚನ್ನು ಕೈಯಿಂದ ಆನ್ ಮಾಡಿದರೆ ಸಾಕು. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಒಂದು ಜೋಡಣೆ ಸಡಿಲವಿದೆ ಎಂದೇ ಅರ್ಥ. ಮೊದಲು ಅರ್ತ್ ನೋಡಿ. ಮಳೆಗಾಲ ಕಳೆದ ಮೇಲೆ ನಾನು ದೀಪದ ಕನೆಕ್ಟರ್ ಬಿಚ್ಚಿ ನೋಡುತ್ತೇನೆ. ಹಸಿರು ಕಿಲುಬು ಕಂಡರೆ ಕೆರೆದು, ಒಣಗಿಸಿ, ಗ್ರೀಸ್ ಹಚ್ಚಿ ಮತ್ತೆ ಹಾಕುತ್ತೇನೆ.