ಗುಡಾರಗಳ ನಡುವೆ ಪಿಟೀಲು: ಮೌಂಟ್ ಏರಿಯ ಸಂಗೀತ ಮೇಳಕ್ಕೆ ಹೊರಡುವ ಹೊಸಬರಿಗೆ

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಶಾರ್ಲೆಟ್, ರಾಲೀ, ಕ್ಯಾರಿ ಕಡೆಗೆ ಕೆಲಸದ ಮೇಲೆ ಬಂದು ನೆಲೆಸುವ ಕನ್ನಡ ಕುಟುಂಬಗಳು ಮೊದಲ ಬೇಸಿಗೆಯಲ್ಲಿ ಸಾಮಾನ್ಯವಾಗಿ ನಯಾಗರಾ, ನ್ಯೂಯಾರ್ಕ್, ಒರ್ಲ್ಯಾಂಡೊ ಎಂದು ದೂರದ ಊರುಗಳ ಪಟ್ಟಿ ಮಾಡಿಕೊಳ್ಳುತ್ತವೆ. ಅವೆಲ್ಲವೂ ನೋಡತಕ್ಕವೇ. ಆದರೆ ನಾವು ಮನೆ ಮಾಡಿಕೊಂಡಿರುವ ಈ ಸೀಮೆಯದೇ ಆದ ಸಂಗೀತವೊಂದು, ಬೆಟ್ಟದ ಜನರು ತಲೆಮಾರುಗಳಿಂದ ಕಿವಿಯಿಂದ ಕಿವಿಗೆ ದಾಟಿಸಿಕೊಂಡು ಬಂದಿರುವ ಸಂಗೀತ, ಕೆಲವೇ ಗಂಟೆಗಳ ದಾರಿಯಲ್ಲಿ ಇಂದಿಗೂ ಜೀವಂತವಾಗಿದೆ ಎಂಬುದು ನಮ್ಮಲ್ಲಿ ಹಲವರಿಗೆ ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಜೂನ್ ತಿಂಗಳ ಮೊದಲ ವಾರಾಂತ್ಯವನ್ನು ಅದಕ್ಕೆಂದು ಮೀಸಲಿಡಿ ಎಂದು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ನಾನು ಹೇಳುತ್ತೇನೆ.

ಊರಿನ ಹೆಸರು ಮೌಂಟ್ ಏರಿ. ಶಾರ್ಲೆಟ್‌ನಿಂದ ಐ-77 ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 100 ಮೈಲಿ ಹೋದರೆ, ವರ್ಜೀನಿಯಾದ ಗಡಿಗೆ ಒರಗಿದಂತೆ ಸರ್ರಿ (Surry) ಕೌಂಟಿಯಲ್ಲಿ ಈ ಊರಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಬಿಳಿ ಗ್ರಾನೈಟ್ ಗಣಿಗೂ, ನಟ ಆಂಡಿ ಗ್ರಿಫಿತ್ ಹುಟ್ಟಿದ ಊರೆಂಬ ಹೆಸರಿಗೂ ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಇಲ್ಲಿಯ ವೆಟರನ್ಸ್ ಮೆಮೋರಿಯಲ್ ಪಾರ್ಕ್‌ನಲ್ಲಿ 1970ರ ದಶಕದಿಂದ ಪ್ರತಿವರ್ಷ ಶುಕ್ರವಾರ ಮತ್ತು ಶನಿವಾರ ಫಿಡ್ಲರ್ಸ್ ಕನ್ವೆನ್ಷನ್, ಅಂದರೆ ಪಿಟೀಲುಗಾರರ ಮೇಳ, ನಡೆಯುತ್ತದೆ. ಪಿಟೀಲು, ಬ್ಯಾಂಜೊ (ತೊಗಲು ಬಿಗಿದ ದುಂಡು ಮುಖದ ತಂತಿವಾದ್ಯ), ಗಿಟಾರ್, ಮ್ಯಾಂಡೊಲಿನ್ ನುಡಿಸುವವರು, ಹಾಡುವವರು, ಕುಣಿಯುವವರು ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರಂತೆ ಸ್ಪರ್ಧಿಸುತ್ತಾರೆ, ತೀರ್ಪುಗಾರರು ಅಂಕ ಕೊಡುತ್ತಾರೆ, ರಾತ್ರಿ ಬಹುಮಾನ ಹಂಚಲಾಗುತ್ತದೆ.

ಇಷ್ಟನ್ನು ಮಾತ್ರ ನೋಡಿ ವಾಪಸು ಬಂದವರು ಮೇಳವನ್ನು ನೋಡಿದಂತಾಗುವುದಿಲ್ಲ. ನಮ್ಮ ಅಭ್ಯಾಸವೆಂದರೆ ಸಂಗೀತ ಎಂದೊಡನೆ ವೇದಿಕೆಯ ಎದುರು ಕುರ್ಚಿ ಹುಡುಕಿ ಕೂರುವುದು. ರಾಮೋತ್ಸವದ ಕಛೇರಿಗಳು ನಮಗೆ ಕಲಿಸಿದ್ದು ಅದನ್ನೇ. ಇಲ್ಲಿ ವೇದಿಕೆ ಒಂದು ನೆಪ ಮಾತ್ರ. ನುಡಿಸುವವರಲ್ಲಿ ಬಹುಪಾಲು ಜನ ತಮ್ಮ ಪಾಳಿ ಬಂದಾಗ ಹೋಗಿ ಒಂದು ಮಟ್ಟು ನುಡಿಸಿ, ಮತ್ತೆ ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತಿರುವ ಗುಡಾರಗಳಿಗೂ ಕ್ಯಾಂಪರ್ ವಾಹನಗಳಿಗೂ ಮರಳುತ್ತಾರೆ. ನಿಜವಾದ ಸಂಗೀತ ಅಲ್ಲಿ, ಆ ವಾಹನಗಳ ಮುಂದೆ ಕಟ್ಟಿದ ಚಪ್ಪರಗಳ ಕೆಳಗೆ, ಮಡಚುವ ಕುರ್ಚಿಗಳನ್ನು ದುಂಡಗೆ ಇಟ್ಟುಕೊಂಡು ಕುಳಿತವರ ನಡುವೆ, ನಡುರಾತ್ರಿ ದಾಟಿದರೂ ನಡೆಯುತ್ತಿರುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ವೇದಿಕೆಯ ಎದುರು ಅರ್ಧ ಗಂಟೆ ಕುಳಿತು ಎದ್ದುಬಿಡಿ, ಉಳಿದ ಹೊತ್ತನ್ನೆಲ್ಲ ಗುಡಾರಗಳ ನಡುವೆ ನಡೆಯುವುದಕ್ಕೆ ಕೊಡಿ. ಆಹ್ವಾನವಿಲ್ಲದೆ ಬೇರೆಯವರ ಚಪ್ಪರದ ಬಳಿ ನಿಲ್ಲುವುದು ಹೇಗೆ ಎಂದು ನಮ್ಮವರು ಸಂಕೋಚಪಡುತ್ತಾರೆ. ಈ ಮೇಳದಲ್ಲಿ ಹಾಗೆ ನಿಂತು ಕೇಳುವುದೇ ರೂಢಿ, ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

ಅಂಥದೊಂದು ವೃತ್ತದ ಬಳಿ ನಿಂತಾಗ ಏನನ್ನು ಗಮನಿಸಬೇಕೆಂದು ತಿಳಿದಿದ್ದರೆ ಕೇಳುವ ಸುಖ ಹೆಚ್ಚುತ್ತದೆ. ನಡುವೆ ಒಬ್ಬ ಪಿಟೀಲುಗಾರ. ಎಷ್ಟೋ ಹಿರಿಯರು ಪಿಟೀಲನ್ನು ಗದ್ದದ ಕೆಳಗೆ ಒತ್ತಿಕೊಳ್ಳದೆ ಎದೆಗೆ ಆನಿಸಿಕೊಂಡಿರುತ್ತಾರೆ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ ಕಮಾನಿಗೆ ಹಚ್ಚುವ ರಾಳದ ಬಿಳಿ ಪುಡಿ ದಪ್ಪಗೆ ಕೂತಿರುತ್ತದೆ. ಅವರಿಗೆ ಮೊಣಕಾಲು ತಾಕುವಷ್ಟು ಹತ್ತಿರದಲ್ಲಿ ಬ್ಯಾಂಜೊ ನುಡಿಸುವವರು ಕುಳಿತಿರುತ್ತಾರೆ. ಅವರ ಬಲಗೈಯನ್ನು ನೋಡಿ: ಬೆರಳುಗಳು ತಂತಿಯನ್ನು ಮೇಲಕ್ಕೆ ಮೀಟುವುದಿಲ್ಲ, ಅರ್ಧ ಮಡಚಿದ ಕೈ ಮೇಲಿನಿಂದ ಇಳಿದು ತೋರುಬೆರಳಿನ ಅಥವಾ ನಡುಬೆರಳಿನ ಉಗುರಿನಿಂದ ತಂತಿಯನ್ನು ಹೊಡೆಯುತ್ತದೆ, ಹೆಬ್ಬೆರಳು ಗಿಡ್ಡದಾದ ಐದನೆಯ ತಂತಿಯ ಮೇಲೆ ಕೂತಿದ್ದು ಏಳುವಾಗ ಅದನ್ನು ಮೀಟುತ್ತದೆ. ಇದಕ್ಕೆ ಕ್ಲಾಹ್ಯಾಮರ್ ಎನ್ನುತ್ತಾರೆ. ಆ ಐದನೆಯ ತಂತಿಯನ್ನು ಬೆರಳಿನಿಂದ ಒತ್ತುವುದು ಅಪರೂಪ. ಅದು ಒಂದೇ ಸ್ವರವನ್ನು ಮತ್ತೆ ಮತ್ತೆ ಹೇಳುತ್ತ ಶ್ರುತಿಯಂತೆ ಹಿನ್ನೆಲೆಯಲ್ಲಿ ನಿಲ್ಲುತ್ತದೆ. ಮಟ್ಟು ಎರಡು ಭಾಗದ್ದು. ಮೊದಲ ಭಾಗ ಎರಡು ಸಲ, ಎರಡನೆಯ ಭಾಗ ಎರಡು ಸಲ, ಮತ್ತೆ ಮೊದಲಿನಿಂದ. ಹೀಗೆ ಹತ್ತು ಸಲವೋ ಹದಿನೈದು ಸಲವೋ ಬಿಡದೆ ಸುತ್ತುತ್ತಾರೆ. ಮೊದಲ ಮೂರು ಸುತ್ತಿಗೆ ನಿಮಗೆ ಬೇಸರವಾಗಬಹುದು, ಅಷ್ಟಕ್ಕೇ ಮುಂದಕ್ಕೆ ನಡೆಯಬೇಡಿ. ಆರೇಳನೆಯ ಸುತ್ತಿನ ಹೊತ್ತಿಗೆ ಎಲ್ಲರ ಕೈಗಳೂ ಒಂದೇ ಲಯಕ್ಕೆ ಬಂದು ನಿಂತಾಗ, ಅದುವರೆಗೆ ಕೇಳಿಸದಿದ್ದ ಒಳಗಿನ ಎಳೆಗಳು ಕೇಳತೊಡಗುತ್ತವೆ. ನಿಲ್ಲಿಸುವ ಹೊತ್ತು ಬಂದಾಗ ಮುಂದಾಳು ಬಾಯಿ ತೆರೆಯುವುದಿಲ್ಲ; ಒಂದು ಕಾಲನ್ನು ನೆಲದಿಂದ ಮೇಲಕ್ಕೆತ್ತುತ್ತಾನೆ, ಆ ಸುತ್ತು ಮುಗಿಯುತ್ತಲೇ ಹತ್ತು ವಾದ್ಯಗಳು ಒಟ್ಟಿಗೆ ನಿಲ್ಲುತ್ತವೆ.

ನಾನು ಈಗ ವಿವರಿಸಿದ್ದು ಓಲ್ಡ್-ಟೈಮ್ ಎಂಬ ಹಳೆಯ ಬಗೆ. ಪಕ್ಕದ ಚಪ್ಪರದಲ್ಲಿ ಬ್ಲೂಗ್ರಾಸ್ ನಡೆಯುತ್ತಿರಬಹುದು, ಎರಡೂ ಒಂದೇ ಅಲ್ಲ. ಬ್ಲೂಗ್ರಾಸ್ 1940ರ ದಶಕದಲ್ಲಿ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಅವರ ತಂಡದಲ್ಲಿ ರೂಪುಗೊಂಡದ್ದು. 1945ರ ಕೊನೆಯಲ್ಲಿ ಆ ತಂಡವನ್ನು ಸೇರಿದ, ಇದೇ ನಾರ್ತ್ ಕೆರೊಲೈನಾದ ಅರ್ಲ್ ಸ್ಕ್ರಗ್ಸ್ ಅವರ ಮೂರು ಬೆರಳಿನ ಬ್ಯಾಂಜೊ ಅದಕ್ಕೆ ಗುರುತು ಕೊಟ್ಟಿತು. ಅಲ್ಲಿ ವಾದ್ಯಗಾರರು ಸರದಿಯ ಮೇಲೆ ಮುಂದೆ ಬಂದು ಒಬ್ಬೊಬ್ಬರೇ ತಮ್ಮ ಕೈಚಳಕ ತೋರಿಸುತ್ತಾರೆ, ಕೇಳುಗರು ನಡುವೆಯೇ ಚಪ್ಪಾಳೆ ತಟ್ಟುತ್ತಾರೆ. ಓಲ್ಡ್-ಟೈಮ್ ವೃತ್ತದಲ್ಲಿ ಒಬ್ಬರು ಮುಂದೆ ಬರುವ ಪದ್ಧತಿಯಿಲ್ಲ. ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಾರೆ, ಚಪ್ಪಾಳೆ ಕೊನೆಯಲ್ಲಿ ಮಾತ್ರ. ನನ್ನ ಮನಸ್ಸು ಒಲಿದಿರುವುದು ಹಳೆಯದರ ಕಡೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅದಕ್ಕೆ ಕಾರಣ ಈ ಊರಿನ ಸುತ್ತಲಿನ ಮಣ್ಣಿನಲ್ಲೇ ಇದೆ. ಮೌಂಟ್ ಏರಿಯ ಪಶ್ಚಿಮಕ್ಕಿರುವ ರೌಂಡ್ ಪೀಕ್ ಎಂಬ ಚಿಕ್ಕ ಪ್ರದೇಶದಿಂದ ಒಂದು ಶೈಲಿಯೇ ಹುಟ್ಟಿತು, ಅದನ್ನು ಜಗತ್ತಿಗೆ ತಿಳಿಸಿದವರು ಟಾಮಿ ಜ್ಯಾರೆಲ್ (1901–1985). ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ರಸ್ತೆ ಸಮತಟ್ಟು ಮಾಡುವ ಯಂತ್ರ ಓಡಿಸುತ್ತಿದ್ದ ಅವರು 1966ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಪಿಟೀಲನ್ನು ಗಟ್ಟಿಯಾಗಿ ಹಿಡಿದರು. ದೇಶದ ಮೂಲೆಮೂಲೆಯ ನಗರಗಳಿಂದ ಯುವಕ ಯುವತಿಯರು ಅವರ ಮನೆ ಹುಡುಕಿಕೊಂಡು ಬಂದು, ಅಲ್ಲೇ ಉಂಡು, ಅಲ್ಲೇ ಮಲಗಿ, ಎದುರು ಕುಳಿತು ಕಲಿತು ಹೋದರು. ಸ್ವರಲಿಪಿಯಿಲ್ಲದೆ, ಶುಲ್ಕವಿಲ್ಲದೆ ನಡೆದ ಈ ಪಾಠದ ಬಗೆ ಗುರುವಿನ ಮನೆಯಲ್ಲಿದ್ದು ಸಂಗೀತ ಕಲಿತವರ ಕಥೆ ಕೇಳಿ ಬೆಳೆದ ನಮಗೆ ಅಪರಿಚಿತವೇನಲ್ಲ. 1982ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಜನಪದ ಕಲಾವಿದರಿಗೆ ಮೊದಲ ಬಾರಿಗೆ ಕೊಟ್ಟ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಪಡೆದವರ ಸಾಲಿನಲ್ಲಿ ಅವರ ಹೆಸರಿದೆ. ಇಂದು ಈ ಮೇಳದ ಚಪ್ಪರಗಳಲ್ಲಿ ನುಡಿಸುವ ನೆರೆತ ಕೂದಲಿನ ಎಷ್ಟೋ ಜನರ ಕೈಯಲ್ಲಿ ಅವರ ಕಮಾನಿನ ಏಟು ಕೇಳಿಸುತ್ತದೆ.

ಬ್ಯಾಂಜೊ ವಿಷಯದಲ್ಲಿ ಒಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳಿ. ಮೇಳದಲ್ಲಿ ನುಡಿಸುವವರು ಹೆಚ್ಚಾಗಿ ಬಿಳಿಯರು. ಅದನ್ನು ಕಂಡು ಇದು ಯುರೋಪಿನಿಂದ ಬಂದ ವಾದ್ಯವೆಂದು ಮಕ್ಕಳು ತಿಳಿಯುವುದು ಸಹಜ. ಬ್ಯಾಂಜೊ ಬಂದದ್ದು ಪಶ್ಚಿಮ ಆಫ್ರಿಕದಿಂದ. ಸೋರೆಬುರುಡೆಗೆ ತೊಗಲು ಬಿಗಿದು ಮಾಡುವ ಆಕೊಂಟಿಂಗ್‌ನಂಥ ವಾದ್ಯಗಳ ನೆನಪನ್ನು ಹೊತ್ತು ಬಂದ, ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಕೈಯಲ್ಲಿ ಅದು ಅಮೆರಿಕದ ನೆಲದಲ್ಲಿ ರೂಪ ಪಡೆಯಿತು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್‌ಗಳ ವಲಸಿಗರ ಪಿಟೀಲಿನೊಂದಿಗೆ ಅದು ಸೇರಿದ್ದರಿಂದಲೇ ಅಪಲೇಚಿಯನ್ ಬೆಟ್ಟಸಾಲಿನ ಈ ಸಂಗೀತಕ್ಕೆ ಈ ನಡೆ ಬಂದದ್ದು. 1920ರ ದಶಕದಲ್ಲಿ ಧ್ವನಿಮುದ್ರಿಕೆ ಕಂಪನಿಗಳು ಕರಿಯರ ಸಂಗೀತವನ್ನೂ ಬಿಳಿಯರ ಸಂಗೀತವನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರತೊಡಗಿದಾಗ ಈ ಕೂಡು ಇತಿಹಾಸ ಮರೆಗೆ ಸರಿಯಿತು. ನಾರ್ತ್ ಕೆರೊಲೈನಾದ ಮೆಬನ್ ಊರಿನ ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲುಗಾರರು 2012ರಲ್ಲಿ ತೀರಿಕೊಳ್ಳುವವರೆಗೂ ಆ ಪರಂಪರೆಯನ್ನು ಉಳಿಸಿಕೊಂಡಿದ್ದರು. ಅವರ ಬಳಿ ಕಲಿತ ಗಾಯಕಿ ಹಾಗೂ ಬ್ಯಾಂಜೊ ವಾದಕಿ ರಿಯಾನನ್ ಗಿಡೆನ್ಸ್ ಮತ್ತು ಸಂಗಡಿಗರು ಅದನ್ನು ಮತ್ತೆ ಬೆಳಕಿಗೆ ತಂದರು. ಇದನ್ನು ತಿಳಿಯದೆ ಬ್ಯಾಂಜೊ ಕೇಳುವುದು ಅರ್ಧ ಕೇಳಿದಂತೆ.

ಮನೆಯಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತವರಿದ್ದರೆ ಅವರಿಗೆ ಇಲ್ಲೊಂದು ವಿಶೇಷ ಸಂತೋಷ ಕಾದಿದೆ. ಇಲ್ಲಿಯ ಪಿಟೀಲುಗಾರರು 'ಎ' ಶ್ರುತಿಯ ಮಟ್ಟುಗಳಿಗೆ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿ, ನಾಲ್ಕು ತಂತಿಗಳನ್ನು ಎ-ಇ-ಎ-ಇ ಎಂದು ಕೂಡಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ನಮ್ಮ ಸ-ಪ-ಸ-ಪ ಶ್ರುತಿಯೇ. ತೆರೆದ ತಂತಿಗಳನ್ನು ಜೊತೆಗೆ ನುಡಿಸಿ ನಾದ ತುಂಬಿಸುವುದಕ್ಕೆ ಈ ಏರ್ಪಾಡು. ಹಲವು ಮಟ್ಟುಗಳ ಸ್ವರಗಳು ಮೋಹನದ ಐದರಲ್ಲೇ ಅಡಗುತ್ತವೆ, ಇನ್ನು ಕೆಲವು ಹರಿಕಾಂಭೋಜಿಯ ಅಥವಾ ಖರಹರಪ್ರಿಯದ ಸ್ವರಗಳನ್ನು ಹಿಡಿಯುತ್ತವೆ. ಹಾಗೆಂದು ಅವನ್ನು ರಾಗಗಳೆಂದು ಕರೆಯುವುದು ಸರಿಯಲ್ಲ. ಗಮಕವಿಲ್ಲ, ಆಲಾಪನೆಯಿಲ್ಲ, ಇಲ್ಲಿಯ ಜೀವವೆಲ್ಲ ಕಮಾನಿನ ಸಣ್ಣ ಸಣ್ಣ ಎಳೆತಗಳಲ್ಲಿರುವ ಒತ್ತಿನಲ್ಲಿದೆ. ಆ ಒತ್ತು ಕೈಗೆ ಬರಲು ನಮ್ಮವರಿಗೆ ತಿಂಗಳುಗಳು ಬೇಕಾಗುತ್ತವೆ.

ವಾದ್ಯ ತೆಗೆದುಕೊಂಡು ಹೋಗುವ ಮನಸ್ಸಿದ್ದರೆ ಧಾರಾಳವಾಗಿ ಹೋಗಿ, ಕೆಲವು ಮರ್ಯಾದೆಗಳನ್ನು ಮಾತ್ರ ಪಾಲಿಸಿ. ವೃತ್ತದ ಒಳಸಾಲಿನಲ್ಲಿ ಕುಳಿತವರು ಮಟ್ಟನ್ನು ಬಲ್ಲವರು. ಹೊಸಬರು ಹೊರಸಾಲಿನಲ್ಲಿ ನಿಂತು, ಮೆಲ್ಲಗೆ, ತಮಗೆ ಮಾತ್ರ ಕೇಳುವಷ್ಟು ನುಡಿಸುತ್ತ ಮಟ್ಟನ್ನು ಹಿಡಿಯುವುದು ಕ್ರಮ. ಬ್ಯಾಂಜೊ ಶ್ರುತಿ ಬದಲಿಸಲು ಹೊತ್ತು ಹಿಡಿಯುವುದರಿಂದ ಒಂದೇ ಶ್ರುತಿಯಲ್ಲಿ ಗಂಟೆಗಟ್ಟಲೆ ನುಡಿಸುತ್ತಾರೆ. ನಡುವೆ ಬೇರೆ ಶ್ರುತಿಯ ಮಟ್ಟನ್ನು ಕೇಳಬಾರದು. ಮೃದಂಗ, ಘಟ, ತಬಲಾಗಳನ್ನು ಮನೆಯಲ್ಲೇ ಬಿಡಿ. ನಮಗೆ ಒಳ್ಳೆಯ ಲಯ ಕೇಳಿದೊಡನೆ ಕೈ ತುರಿಸುತ್ತದೆ, ನಿಜ. ಆದರೆ ಈ ವೃತ್ತದಲ್ಲಿ ತಾಳವನ್ನು ಹೊರುವುದು ಗಿಟಾರ್, ದೊಡ್ಡ ಬೇಸ್ ಮತ್ತು ಬ್ಯಾಂಜೊದ ಹೆಬ್ಬೆರಳು, ಹೊರಗಿನ ತಾಳವಾದ್ಯ ಬಂದರೆ ಅವರ ನಡೆ ಕೆಡುತ್ತದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದು ಚಿತ್ರೀಕರಿಸುವ ಮುನ್ನ ಕಣ್ಸನ್ನೆಯಲ್ಲಾದರೂ ಕೇಳಿ. ಹುಲ್ಲಿನ ಮೇಲೆ ತೆರೆದಿಟ್ಟ ವಾದ್ಯದ ಪೆಟ್ಟಿಗೆಗಳನ್ನು ಮಕ್ಕಳು ದಾಟದಂತೆ ನೋಡಿಕೊಳ್ಳಿ.

ಕುಣಿತದ ಸ್ಪರ್ಧೆಯನ್ನು ಮಾತ್ರ ವೇದಿಕೆಯ ಹತ್ತಿರವೇ ನಿಂತು ನೋಡಬೇಕು. ಫ್ಲ್ಯಾಟ್‌ಫುಟ್ ಎಂಬ ಈ ನೃತ್ಯದಲ್ಲಿ ಮೈಯ ಮೇಲ್ಭಾಗ ಅಲ್ಲಾಡುವುದಿಲ್ಲ, ಕೈಗಳು ಸಡಿಲವಾಗಿ ಇಳಿಬಿದ್ದಿರುತ್ತವೆ, ಪಾದ ಹಲಗೆಯಿಂದ ಒಂದೆರಡು ಅಂಗುಲಕ್ಕಿಂತ ಮೇಲೇಳುವುದು ಅಪರೂಪ. ಪಿಟೀಲಿನ ಪ್ರತಿ ಏಟೂ ಹಿಮ್ಮಡಿ ಮತ್ತು ಮುಂಗಾಲಿನ ನಡುವೆ ಹಲಗೆಯ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ಮಕ್ಕಳಿಗೆ ಮೇಳದಲ್ಲಿ ಬಹಳ ಹಿಡಿಸುವುದು ಇದೇ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಸ್ಯಾಹಾರಿಗಳು ಎಚ್ಚರವಾಗಿರಬೇಕು, ಏಕೆಂದರೆ ಬೆಟ್ಟದ ಸೀಮೆಯ ಅಡುಗೆಯಲ್ಲಿ ಬೇಯಿಸಿದ ಕಾಳು ಮತ್ತು ಹುರುಳಿಕಾಯಿಗೂ ಹಂದಿಮಾಂಸದ ತುಂಡು ಹಾಕುವ ರೂಢಿಯಿದೆ, ಮೆಕ್ಕೆಜೋಳದ ರೊಟ್ಟಿಗೆ (ಕಾರ್ನ್‌ಬ್ರೆಡ್) ಹಂದಿಯ ಕೊಬ್ಬು ಬಳಸಿರಬಹುದು, ಕೇಳಿಯೇ ಕೊಳ್ಳಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದು ಉತ್ತಮ. ಬೇಯಿಸಿದ ಕಡಲೆಕಾಯಿ ದಕ್ಷಿಣದ ಈ ರಾಜ್ಯಗಳಲ್ಲಿ ರಸ್ತೆ ಬದಿಯಲ್ಲೂ ಸಿಗುತ್ತದೆ, ಬಸವನಗುಡಿಯವರಿಗೆ ಮೋಸವಾಗುವುದಿಲ್ಲ. ಮಡಚುವ ಕುರ್ಚಿ, ಟೋಪಿ, ಮಧ್ಯಾಹ್ನದ ಗುಡುಗುಮಳೆಗೆ ರೇನ್‌ಕೋಟು, ಸಂಜೆಗೊಂದು ತೆಳು ಸ್ವೆಟರ್ ಮತ್ತು ಸ್ವಲ್ಪ ನಗದು ಇಟ್ಟುಕೊಳ್ಳಿ. ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ, ಮನೆಗೆ ಬಂದ ಮೇಲೆ ಮಕ್ಕಳ ಕಾಲು, ಕುತ್ತಿಗೆಗಳನ್ನು ಪರೀಕ್ಷಿಸಿ.

ನಮ್ಮಂಥವರು ಅಲ್ಲಿ ಕಡಿಮೆ, ಎಲ್ಲರ ಕಣ್ಣು ನಮ್ಮ ಮೇಲೆ ಬೀಳುತ್ತದೆಯೇ ಎಂದು ಹೊಸಬರು ನನ್ನನ್ನು ಕೇಳುತ್ತಾರೆ. ಬೀಳುತ್ತದೆ, ಆದರೆ ನನ್ನ ಅನುಭವದಲ್ಲಿ ಅದರ ಹಿಂದೆಯೇ ಬರುವುದು ಎಲ್ಲಿಂದ ಬಂದಿರಿ, ನೀವು ಏನು ನುಡಿಸುತ್ತೀರಿ ಎಂಬ ಪ್ರಶ್ನೆ. ಏನೂ ನುಡಿಸುವುದಿಲ್ಲ, ಕೇಳಲು ಬಂದೆವು ಎಂದರೆ ಪಕ್ಕದ ಖಾಲಿ ಕುರ್ಚಿಯನ್ನು ತೋರಿಸುತ್ತಾರೆ. ಹಾಡುಗಳಲ್ಲಿ ಕ್ರಿಸ್ತಭಕ್ತಿಯವು ಬಹಳ. ಅವನ್ನು ಹಾಡುವವರು ಮನಸಾರೆ ಹಾಡುತ್ತಾರೆ, ದೇವರನಾಮ ಕೇಳುವಾಗಿನ ಗೌರವದಿಂದಲೇ ನಾವೂ ಕೇಳಬೇಕು.

ಜೂನ್ ತಪ್ಪಿದವರಿಗೆ ದಾರಿ ಮುಚ್ಚಿಲ್ಲ. ಇದೇ ಊರಿನ ಡಬ್ಲ್ಯೂಪಿಎಕ್ಯೂ ಬಾನುಲಿ ಕೇಂದ್ರ 1948ರಿಂದ ಶನಿವಾರದ ಸಂಗೀತದ ನೇರ ಪ್ರಸಾರವನ್ನು ನಡೆಸಿಕೊಂಡು ಬಂದಿದೆ, ಅದನ್ನು ಅರ್ಲ್ ಥಿಯೇಟರಿನಲ್ಲಿ ಕುಳಿತು ಕೇಳಬಹುದು. ಗಡಿ ದಾಟಿದರೆ ವರ್ಜೀನಿಯಾದ ಗೇಲಾಕ್ಸ್‌ನಲ್ಲಿ 1935ರಲ್ಲಿ ಆರಂಭವಾದ, ಇನ್ನೂ ದೊಡ್ಡ ಪಿಟೀಲು ಮೇಳ ಆಗಸ್ಟ್‌ನಲ್ಲಿ ನಡೆಯುತ್ತದೆ. ಅದರ ಸಮೀಪ ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆಯ 213ನೆಯ ಮೈಲಿಗಲ್ಲಿನ ಬಳಿ ಇರುವ ಸಂಗೀತ ಕೇಂದ್ರದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಸ್ಥಳೀಯರು ನುಡಿಸುತ್ತಾರೆ. ಮಕ್ಕಳಿಗೆ ಕಲಿಯುವ ಆಸೆ ಹುಟ್ಟಿದರೆ, 2000ದಲ್ಲಿ ಪಕ್ಕದ ಅಲಿಗೇನಿ ಕೌಂಟಿಯಲ್ಲಿ ಆರಂಭವಾದ ಜೂನಿಯರ್ ಅಪಲೇಚಿಯನ್ ಮ್ಯುಸಿಶಿಯನ್ಸ್ ಎಂಬ ಸಂಸ್ಥೆ ಬೆಟ್ಟದ ಊರುಗಳಲ್ಲಿ ಶಾಲಾ ಮಕ್ಕಳಿಗೆ ಪಿಟೀಲು, ಬ್ಯಾಂಜೊ, ಗಿಟಾರ್‌ಗಳನ್ನು ಕಿವಿಯಿಂದಲೇ ಕಲಿಸುತ್ತದೆ. ನಗರದಲ್ಲಿರುವವರು ವಾದ್ಯದ ಅಂಗಡಿಗಳಲ್ಲಿ ವಿಚಾರಿಸಿದರೆ ಓಲ್ಡ್-ಟೈಮ್ ಜ್ಯಾಮ್ (ಕೂಡಿ ನುಡಿಸುವ ಕೂಟ) ಎಲ್ಲಿ, ಯಾವ ಸಂಜೆ ಸೇರುತ್ತದೆಂದು ತಿಳಿಯುತ್ತದೆ. ಹೆಚ್ಚಿನ ಕಡೆ ಹೊಸಬರಿಗೆಂದು ನಿಧಾನಗತಿಯ ವೃತ್ತವೂ ಇರುತ್ತದೆ, ಅಲ್ಲಿಂದ ಆರಂಭಿಸಿ.